ಕೋಣಗಳ ಕಾಳಗ, ಗಿಡಕ್ಕೆ ಸಾವು: ರಷ್ಯಾ–ಜಪಾನ್ ಯುದ್ಧದ ಹಿನ್ನೆಲೆ

1904ರ ಫೆಬ್ರುವರಿಯಲ್ಲಿ ರಷ್ಯಾ ಮತ್ತು ಜಪಾನ್ ಯುದ್ಧಕ್ಕಿಳಿದಾಗ ಚೀನಾ ತಾನು ತಟಸ್ಥ ಎಂದು ಘೋಷಿಸಿತು. ಆದರೆ ಸೈನಿಕರು ಹೊಡೆದಾಡುತ್ತಿದ್ದುದೇ ಚೀನಾದ ನೆಲದಲ್ಲಿ, ಅದರ ಈಶಾನ್ಯ ಭಾಗವಾದ ಮಂಚೂರಿಯಾದಲ್ಲಿ! ಲಿಯಾವೋ ನದಿಯ ಪೂರ್ವಕ್ಕಷ್ಟೇ ಕಾದಾಡಿಕೊಳ್ಳಿ ಎಂದು ಗೆರೆ ಹಾಕುವುದಷ್ಟೇ ಆ ಸರ್ಕಾರದಿಂದಾಯಿತು. ಕೋಣಗಳೆರಡು ಹೋರೆ ಗಿಡಕ್ಕೆ ಮಿತ್ತು ಎಂಬ ಹಳೆಯ ಮಾತು ಇಂಥ ಯುದ್ಧಗಳಿಗೆಂದೇ ಹುಟ್ಟಿದಂತಿದೆ.

ಜಗಳದ ಬೇರು 1895ರಲ್ಲಿದೆ. ಆ ವರ್ಷ ಚೀನಾವನ್ನು ಸೋಲಿಸಿದ ಜಪಾನ್, ಶಿಮೊನೊಸೆಕಿ ಒಪ್ಪಂದದಲ್ಲಿ ಮಂಚೂರಿಯಾದ ದಕ್ಷಿಣದ ಲಿಯಾವೊಡಾಂಗ್ ಪರ್ಯಾಯ ದ್ವೀಪವನ್ನು ಬರೆಸಿಕೊಂಡಿತು. ವಾರ ಕಳೆಯುವಷ್ಟರಲ್ಲಿ ರಷ್ಯಾ, ಜರ್ಮನಿ, ಫ್ರಾನ್ಸ್ ಒಟ್ಟಾಗಿ ಬಂದು, ಅದನ್ನು ಹಿಂದಿರುಗಿಸುವುದು ಒಳ್ಳೆಯದು ಎಂದು ‘ಸ್ನೇಹದ ಸಲಹೆ’ ಕೊಟ್ಟವು. ಜಪಾನ್ ಹಲ್ಲು ಕಚ್ಚಿ ಬಿಟ್ಟುಕೊಟ್ಟಿತು. ಸಲಹೆ ಕೊಟ್ಟ ರಷ್ಯಾ ಮೂರೇ ವರ್ಷದಲ್ಲಿ, 1898ರಲ್ಲಿ, ಅದೇ ನೆಲದ ತುದಿಯ ಪೋರ್ಟ್ ಆರ್ಥರ್ ಬಂದರನ್ನು 25 ವರ್ಷದ ಗುತ್ತಿಗೆಗೆ ಪಡೆಯಿತು. ಟೋಕಿಯೊ ಇದನ್ನು ಮರೆಯಲಿಲ್ಲ.

ರಷ್ಯಾಕ್ಕೂ ಅದರದೇ ಗರಜು ಇತ್ತು. ವ್ಲಾಡಿವೊಸ್ಟಾಕ್ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಿತ್ತು. ಪೋರ್ಟ್ ಆರ್ಥರ್ ಹಾಗಲ್ಲ. ಮಂಚೂರಿಯಾ ಸೀಳಿಕೊಂಡು ರೈಲು ಹಳಿ ಬಂತು, ಬಂದರಿನವರೆಗೂ ಕವಲು ಚಾಚಿತು. ಚೀನಾದಲ್ಲಿ ವಿದೇಶಿಯರ ವಿರುದ್ಧ ಎದ್ದ 1900ರ ಬಾಕ್ಸರ್ ದಂಗೆಯಲ್ಲಿ ಹಳಿ ಕಾಯುವ ನೆಪದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರು ಬಂದಿಳಿದರು. ಮೂರು ಕಂತಿನಲ್ಲಿ ವಾಪಸ್ಸು ಕರೆಸಿಕೊಳ್ಳುತ್ತೇವೆ ಎಂದ ರಷ್ಯಾ, ಎರಡನೇ ಕಂತಿಗೇ ಮಾತು ತಪ್ಪಿತು.

ಇತ್ತ 1902ರಲ್ಲಿ ಬ್ರಿಟನ್, ಜಪಾನಿನ ಜೊತೆ ಮೈತ್ರಿ ಮಾಡಿಕೊಂಡಿತು. ಜಪಾನಿನ ವಿರುದ್ಧ ಎರಡನೆಯ ದೇಶವೊಂದು ಯುದ್ಧಕ್ಕೆ ಸೇರಿದರೆ ತಾನೂ ಇಳಿಯುತ್ತೇನೆ ಎಂಬುದು ಕರಾರು. ರಷ್ಯಾದ ಗೆಳೆಯ ಫ್ರಾನ್ಸಿನ ಕೈ ಅಲ್ಲಿಗೆ ಕಟ್ಟಿತು. 1903ರ ಮಾತುಕತೆಯಲ್ಲಿ ಜಪಾನಿನ ಪಟ್ಟು ಸರಳ: ಮಂಚೂರಿಯಾ ನಿಮಗೆ, ಕೊರಿಯಾ ನಮಗೆ. ಕೊರಿಯಾದ ಉತ್ತರ ಭಾಗವಾದರೂ ಯಾರಿಗೂ ಸೇರದೆ ಇರಲಿ ಎಂದು ರಷ್ಯಾ ಎಳೆದಾಡಿತು. ಕೊರಿಯಾದವರನ್ನು ಕೇಳಿದವರಿಲ್ಲ. ತಟಸ್ಥ ಎಂದು ಅವರೂ ಸಾರಿಕೊಂಡರು, ಜಪಾನಿನ ಪಡೆ ಬಂದು ಇಂಚಾನ್‌ನಲ್ಲಿ ಇಳಿದೇಬಿಟ್ಟಿತು.

ಫೆಬ್ರುವರಿ 8ರ ರಾತ್ರಿ ಪೋರ್ಟ್ ಆರ್ಥರ್‌ನ ಹಡಗುಗಳ ಮೇಲೆ ಟಾರ್ಪೆಡೊ ದಾಳಿ. ಯುದ್ಧ ಘೋಷಣೆ ಅದಾದ ಎರಡು ದಿನಕ್ಕೆ. ಸೈಬೀರಿಯಾದ ರೈಲು ಹಾದಿ ಒಂಟಿ ಹಳಿಯದು, ಬೈಕಲ್ ಸರೋವರದ ಬಳಿ ಅದೂ ತುಂಡು. ರಷ್ಯನ್ನರು ಹೆಪ್ಪುಗಟ್ಟಿದ ಸರೋವರದ ಮೇಲೇ ಹಳಿ ಹಾಸಿ, ಕುದುರೆಗಳಿಂದ ವ್ಯಾಗನ್ ಎಳೆಸಿದರು. ನೆರವಿಗೆಂದು ಯುರೋಪಿನಿಂದ ಹೊರಟ ರಷ್ಯಾದ ಬಾಲ್ಟಿಕ್ ನೌಕಾಪಡೆಯ ಪಾಡು ಇನ್ನೊಂದು ಬಗೆಯದು: ಉತ್ತರ ಸಮುದ್ರದಲ್ಲೇ ಬ್ರಿಟಿಷ್ ಮೀನುಗಾರರ ದೋಣಿಗಳನ್ನು ಜಪಾನಿನವು ಎಂದು ಭ್ರಮಿಸಿ ಗುಂಡು ಹಾರಿಸಿತು! ಅರ್ಧ ಭೂಮಿ ಸುತ್ತಿ ಬರುವಷ್ಟರಲ್ಲಿ ಪೋರ್ಟ್ ಆರ್ಥರ್ ಬಿದ್ದಾಗಿತ್ತು. 1905ರ ಮೇ 27–28ರಂದು ತ್ಸುಶಿಮಾ ಜಲಸಂಧಿಯಲ್ಲಿ ಜಪಾನಿನ ಅಡ್ಮಿರಲ್ ಟೋಗೊ ಆ ಪಡೆಯನ್ನು ನುಚ್ಚುನೂರು ಮಾಡಿದ.

ಗೆದ್ದವರ ಬೊಕ್ಕಸವೂ ಬರಿದಾಗಿತ್ತು. ಜಪಾನ್ ಕಾದಿದ್ದು ಲಂಡನ್, ನ್ಯೂಯಾರ್ಕ್‌ಗಳ ಸಾಲದಲ್ಲಿ. ರಷ್ಯಾದೊಳಗೆ ಕ್ರಾಂತಿ ಹೊತ್ತಿಕೊಂಡಿತ್ತು. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಮಧ್ಯಸ್ಥಿಕೆಯಲ್ಲಿ ಸೆಪ್ಟೆಂಬರ್ 5ರಂದು ಪೋರ್ಟ್ಸ್‌ಮತ್ ಒಪ್ಪಂದವಾಯಿತು. ಪೋರ್ಟ್ ಆರ್ಥರ್, ದಕ್ಷಿಣದ ರೈಲು ಹಾದಿ, ಸಖಾಲಿನ್ ದ್ವೀಪದ ದಕ್ಷಿಣಾರ್ಧ ಜಪಾನಿಗೆ ಬಂದವು. ಪರಿಹಾರದ ಹಣ ಮಾತ್ರ ಚಿಕ್ಕಾಸೂ ಇಲ್ಲ. ಗೆಲುವಿನ ಸುದ್ದಿಯನ್ನಷ್ಟೇ ಕೇಳಿದ್ದ ಟೋಕಿಯೊ ಜನ ಬೀದಿಗಿಳಿದು ಪೊಲೀಸ್ ಚೌಕಿಗಳಿಗೆ ಬೆಂಕಿ ಇಟ್ಟರು.

ಬಿಳಿಯರ ಸಾಮ್ರಾಜ್ಯವೊಂದು ಏಷ್ಯಾದ ಕೈಲಿ ಸೋತಿದ್ದಕ್ಕೆ ಭಾರತದಲ್ಲಿ ಸಂಭ್ರಮವೋ ಸಂಭ್ರಮ. ಓದಲೆಂದು ಇಂಗ್ಲೆಂಡಿಗೆ ಹೋಗಿದ್ದ ಹದಿಹರೆಯದ ನೆಹರೂ, ಡೋವರ್‌ನಿಂದ ಲಂಡನ್‌ಗೆ ಹೋಗುವ ರೈಲಿನಲ್ಲಿ ತ್ಸುಶಿಮಾ ಸುದ್ದಿ ಓದಿ ಹಿಗ್ಗಿದ್ದರು. ಆ ಗೆಲುವಿನ ಕಹಿಯನ್ನು ಮೊದಲು ಉಂಡಿದ್ದು ಕೊರಿಯಾ ಎಂದು ಮುಂದೆ ಬರೆದವರೂ ಅವರೇ. 1905ರ ನವೆಂಬರಿನಲ್ಲೇ ಕೊರಿಯಾ ಜಪಾನಿನ ರಕ್ಷಿತ ರಾಜ್ಯವಾಯಿತು, 1910ರಲ್ಲಿ ಜಪಾನ್ ಅದನ್ನು ಪೂರ್ತಿ ನುಂಗಿಹಾಕಿತು.

ಪೂರ್ವದಲ್ಲಿ ಪೆಟ್ಟು ತಿಂದ ರಷ್ಯಾ ಬಾಲ್ಕನ್ ಕಡೆ ಹೊರಳಿತು. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ಸೇರಿಸಿಕೊಂಡಾಗ ಸೊರಗಿದ ಸೈನ್ಯ ಇಟ್ಟುಕೊಂಡು ಅವಮಾನ ನುಂಗಬೇಕಾಯಿತು. 1914ರಲ್ಲಿ, ಮೊದಲ ಮಹಾಯುದ್ಧದ ಹೊಸ್ತಿಲಲ್ಲಿ, ಇನ್ನೊಮ್ಮೆ ನುಂಗಲು ಅದು ಸಿದ್ಧವಿರಲಿಲ್ಲ.

ಜಪಾನಿನ ಪಾಲಿಗೆ ಬಂದ ಆ ರೈಲು ಹಾದಿಯನ್ನು ಕಾಯಲು ನಿಂತ ಪಡೆಯೇ ಮುಂದೆ ಕ್ವಾಂಟುಂಗ್ ಸೇನೆಯಾಯಿತು. 1931ರ ಸೆಪ್ಟೆಂಬರ್ 18ರ ರಾತ್ರಿ ಮಂಚೂರಿಯಾದ ಮುಕ್ಡೆನ್ ನಗರದ ಹತ್ತಿರ ಅದೇ ಹಳಿಯ ಮೇಲೆ ಒಂದು ಸಣ್ಣ ಸ್ಫೋಟವಾಯಿತು. ಅದನ್ನು ಮಾಡಿಸಿದ್ದು ಆ ಸೇನೆಯ ಅಧಿಕಾರಿಗಳೇ. ಹೊರಿಸಿದ್ದು ಚೀನಿಯರ ತಲೆಗೆ. ಹಳಿಗೆ ಆದ ಹಾನಿ ಎಷ್ಟು ಅಲ್ಪವೆಂದರೆ, ಸ್ವಲ್ಪ ಹೊತ್ತಿಗೆ ಬಂದ ರೈಲು ಅದರ ಮೇಲೇ ಹಾದುಹೋಯಿತು. ಬೆಳಗಾಗುವಷ್ಟರಲ್ಲಿ ಮುಕ್ಡೆನ್ ಜಪಾನಿನ ವಶದಲ್ಲಿತ್ತು.