ಉದ್ರಿ ಉಳಿದ ಮೆಹರ್

ವಿಜಯಪುರದ ನಮ್ಮ ಓಣಿಯಲ್ಲಿ ಗಂಡಸು ತೀರಿಕೊಂಡರೆ, ಮಯ್ಯತ್ (ಹೆಣ) ಎತ್ತುವ ಮುಂಚೆ ಹಿರಿಯ ಹೆಂಗಸೊಬ್ಬರು ಅವನ ಹೆಂಡತಿಯ ಕಿವಿಯಲ್ಲಿ ಹೇಳುತ್ತಾರೆ: "ಮೆಹರ್ ಮಾಫ್ ಮಾಡಿಬಿಡವ್ವಾ." ಅಳುತ್ತಾ ಕೂತವಳು ತಲೆ ಆಡಿಸುತ್ತಾಳೆ. ಇಲ್ಲ ಅನ್ನೋ ಹೊತ್ತಾ ಅದು? ನಮ್ಮ ಖಾಲಾ (ಅಮ್ಮನ ತಂಗಿ) ಹಾಗೇ ತಲೆ ಆಡಿಸಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಮೂವತ್ತು ವರ್ಷದ ಸಂಸಾರದಲ್ಲಿ ಆ ಹಣ ಅವರ ಕೈ ಸೇರಿರಲಿಲ್ಲ.

ಮೆಹರ್ ಅಂದರೆ ಮದುವೆಯಲ್ಲಿ ಗೊತ್ತುಮಾಡಿ, ಗಂಡ ಹೆಂಡತಿಗೆ ಕೊಡಲೇಬೇಕಾದ ಹಣ ಇಲ್ಲವೇ ಒಡವೆ. ಕುರ್‌ಆನಿನ 4ನೇ ಅಧ್ಯಾಯದ 4ನೇ ವಚನ ಅದನ್ನು ಖುಷಿಯಿಂದ ಕೊಡಿ ಅನ್ನುತ್ತದೆ. ಅವಳಾಗಿಯೇ ಮನಸಾರೆ ಬಿಟ್ಟುಕೊಟ್ಟರಷ್ಟೇ ಗಂಡ ಇಟ್ಟುಕೊಳ್ಳಬಹುದು. ಕೊಡದೆ ಸತ್ತರೆ ಅದು ಸಾಲ. ಆಸ್ತಿ ಹಂಚುವ ಮೊದಲು ತೀರಿಸಬೇಕು.

ಖಲೀಫಾ ಉಮರ್ ಮೆಹರ್‌ಗೆ ಮಿತಿ ಹಾಕಲು ಹೊರಟಾಗ ಒಬ್ಬ ಹೆಂಗಸು ಎದ್ದು ನಿಂತಳಂತೆ. ರಾಶಿ ಬಂಗಾರ ಕೊಟ್ಟಿದ್ದರೂ ವಾಪಸ್ ತಗೋಬೇಡಿ ಅನ್ನುವ ವಚನವನ್ನು ನೆನಪಿಸಿದಳಂತೆ. ಉಮರ್ ತಮ್ಮ ತಪ್ಪು ಒಪ್ಪಿಕೊಂಡರು ಅನ್ನುತ್ತದೆ ಆ ಕಥೆ. ಹೆಣ್ಣಿನ ಹಕ್ಕಿಗಾಗಿ ಮುಂದೆ ದನಿ ಎತ್ತಿದ ಎಷ್ಟೋ ಮುಸ್ಲಿಮರು ಮಾಡಿದ್ದು ಇದನ್ನೇ: ಗ್ರಂಥ ತೆರೆದು ತೋರಿಸಿದ್ದು.

ದೇವಬಂದ್ ಮದರಸಾದಲ್ಲಿ ಓದಿದ್ದ ಸೈಯದ್ ಮುಮ್ತಾಜ್ ಅಲಿ 1898ರಲ್ಲಿ ಲಾಹೋರಿನಲ್ಲಿ 'ಹುಕೂಕ್-ಎ-ನಿಸ್ವಾನ್' (ಹೆಂಗಸರ ಹಕ್ಕುಗಳು) ಅನ್ನುವ ಪುಸ್ತಕ ಪ್ರಕಟಿಸಿದರು. ಹೆಣ್ಣು ಗಂಡಿಗಿಂತ ಕಡಿಮೆ ಅನ್ನುವ ವಾದಗಳಿಗೆ ಕುರ್‌ಆನ್ ಹಿಡಿದೇ ಉತ್ತರ ಕೊಟ್ಟರು. ಅದೇ ವರ್ಷ ಪತ್ನಿ ಮುಹಮ್ಮದಿ ಬೇಗಂ ಜೊತೆ ಹೆಂಗಸರಿಗಾಗಿ ಪತ್ರಿಕೆ ಶುರು ಮಾಡಿದರು. ಹೀಗೆ ಕುರ್‌ಆನ್ ಹಿಡಿದೇ ಹೆಣ್ಣಿನ ಹಕ್ಕು ಕೇಳುವುದಕ್ಕೆ 'ಇಸ್ಲಾಮಿಕ್ ಸ್ತ್ರೀವಾದ' ಅನ್ನುವ ಹೆಸರು ಓಡಾಡಿದ್ದು ಎಷ್ಟೋ ಆಮೇಲೆ, 1990ರ ದಶಕದಲ್ಲಿ. ಅಮೆರಿಕದ ಆಮಿನಾ ವದೂದ್ 1992ರಲ್ಲಿ ಹೆಣ್ಣಿನ ಕಣ್ಣಿಂದ ಕುರ್‌ಆನ್ ಓದಿದ ಪುಸ್ತಕ ತಂದರು. ಹಾಗಾಗಿ ಇದೆಲ್ಲ ಹೊರಗಿನಿಂದ ಬಂದ ಹುಚ್ಚು ಅಂದರೆ ನಾನು ಒಪ್ಪುವುದಿಲ್ಲ.

ತಲಾಖ್ ಕೊಟ್ಟ ಗಂಡನಿಂದ ಜೀವನಾಂಶ ಕೇಳಿದ ಶಾಬಾನು ಪ್ರಕರಣದಲ್ಲೂ ಮೆಹರ್ ಮಾತು ಇತ್ತು. ಮೆಹರ್ 3,000 ರೂಪಾಯಿ ಕೋರ್ಟಿಗೆ ಕಟ್ಟಿದ್ದೇನೆ, ಇನ್ನು ಜೀವನಾಂಶ ಯಾಕೆ ಅಂತ ಗಂಡ ವಾದಿಸಿದ್ದರು. 1985ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2007ರಲ್ಲಿ ಹುಟ್ಟಿದ ಭಾರತೀಯ ಮುಸ್ಲಿಂ ಮಹಿಳಾ ಆಂದೋಲನವಂತೂ ಗಂಡಿನ ಒಂದು ವರ್ಷದ ಆದಾಯದಷ್ಟಾದರೂ ಮೆಹರ್ ಇರಲಿ, ಅದನ್ನು ನಿಕಾಹ್ ಹೊತ್ತಿಗೇ ಕೊಡಲಿ ಅಂದಿತು.

ನಮ್ಮಲ್ಲಿ ವರೋಪಚಾರ ಲಕ್ಷದಲ್ಲಿ ನಡೆದ ಮದುವೆಗೂ ಮೆಹರ್ 786 ರೂಪಾಯಿ ಬರೆದದ್ದನ್ನು ಕಂಡಿದ್ದೇನೆ. ಅದೂ ಉದ್ರಿ.

ಖಾಲಾ ಮಗಳ ನಿಕಾಹ್‌ನಲ್ಲಿ ವಕೀಲರು (ಹುಡುಗಿಯ ಒಪ್ಪಿಗೆ ಕೇಳಿ ತರುವ ಹಿರಿಯರು) ಇಬ್ಬರು ಸಾಕ್ಷಿಗಳೊಂದಿಗೆ ಒಳಗೆ ಬಂದು ಒಪ್ಪಿಗೆ ಕೇಳಿದರು. ಹುಡುಗಿ ತಲೆ ಎತ್ತದೆ, "ನಗದಾ, ಉದ್ರಿಯಾ?" ಅಂದಳು. ಕೋಣೆ ಗಪ್ಪಾಯಿತು. ವಕೀಲರು ಹೊರಗೆ ಹೋಗಿ, ಎರಡು ಬಂಗಾರದ ಬಳೆ ಹಿಡಿದುಕೊಂಡು ಬಂದರು. ಖಾಲಾ ಅವನ್ನು ಮಗಳ ಕೈಗೆ ತಾವೇ ತೊಡಿಸಿದರು. ಆಮೇಲೆ ಅವಳು "ಕಬೂಲ್" ಅಂದಳು.