ಅರ್ಧಕ್ಕೆ ನುಂಗಿದ ಬೈಗುಳ

ಕೊಡಗಿನಲ್ಲಿ ‘ಶೂಟ್’ ಅಂದರೆ ಮೊದಲು ನೆನಪಾಗುವುದು ಕೋವಿ. ಆದರೆ ಗೋಣಿಕೊಪ್ಪದ ಇಂಗ್ಲಿಷ್ ಮೀಡಿಯಂ ಹುಡುಗಿಯೊಬ್ಬಳು ಟಿಫನ್ ಬಾಕ್ಸ್ ಕೈಜಾರಿದಾಗ ‘ಓ ಶೂಟ್’ ಅಂದರೆ ಅದಕ್ಕೂ ಗುಂಡಿಗೂ ಸಂಬಂಧವಿಲ್ಲ. ಬಾಯಿಗೆ ಬಂದ ಹೊಲಸು ಪದವೊಂದು ನಾಲಿಗೆ ತುದಿಯಲ್ಲಿ ದಾರಿ ಬದಲಿಸಿದೆ, ಅಷ್ಟೇ.

ಇಂಗ್ಲಿಷಿನಲ್ಲಿ ಇಂಥವು ರಾಶಿ ಇವೆ. ‘ಡ್ಯಾಮ್’ ಅನ್ನಲು ಹೊರಟವರು ‘ಡಾರ್ನ್’ ಅನ್ನುತ್ತಾರೆ. ‘ಹೆಲ್’ ಬದಲು ‘ಹೆಕ್’. ‘ಗಾಶ್’, ‘ಗಾಲಿ’ ಎರಡೂ ‘ಗಾಡ್’ನಿಂದ ಬಂದವು. ‘ಜೀ’ ಎಂಬುದು ಜೀಸಸ್ ಹೆಸರಿನ ತುಣುಕು. ಪದದ ತಲೆ ಉಳಿಸಿಕೊಂಡು ಬಾಲ ಬದಲಿಸುವುದೇ ಉಪಾಯ. ಕೇಳಿದವರಿಗೆ ಮೂಲ ಪದ ಗೊತ್ತಾಗಬೇಕು, ಹೇಳಿದವರ ಮೇಲೆ ಮಾತ್ರ ತಪ್ಪು ಬರಬಾರದು!

ಇದರಲ್ಲಿ ದೇವರೇ ಯಾಕೆ ಜಾಸ್ತಿ? ಹಿಂದೆ ಇಂಗ್ಲೆಂಡಿನಲ್ಲಿ ದೇವರ ಹೆಸರಿನಲ್ಲಿ ಆಣೆ ಹಾಕುವುದನ್ನೇ ದೊಡ್ಡ ಕೆಟ್ಟ ಮಾತೆಂದು ಎಣಿಸುತ್ತಿದ್ದರು. ನಾಟಕದ ಮಾತಿನಲ್ಲಿ ಆ ಹೆಸರನ್ನು ಹಗುರವಾಗಿ ಎಳೆದು ತಂದರೆ 10 ಪೌಂಡ್ ದಂಡ ಎಂದು 1606ರಲ್ಲಿ ಕಾನೂನೇ ಬಂತು. ‘ದೇವರ ಗಾಯಗಳಾಣೆ’ ಅನ್ನುವ ಮಾತು ಅದಕ್ಕೂ ಮೊದಲೇ ‘ಜೌಂಡ್ಸ್’ ಎಂದು ಸವೆದಿತ್ತು.

ನಮ್ಮ ಕೊಡಗಿನಲ್ಲಿ ಇದು ತಲೆಕೆಳಗು. ಮೇ ತಿಂಗಳ ಕೊನೆಯ ಹೊತ್ತಿಗೆ ದೇವರಪುರದಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಜೇನು ಕುರುಬರು, ಯರವರು ವೇಷ ಹಾಕಿ, ಡ್ರಮ್ಮು ಡಬ್ಬ ಬಡಿಯುತ್ತಾ, ದಾರಿಯಲ್ಲಿ ಸಿಕ್ಕವರನ್ನು ಬೈದು ಕಾಸು ಕೇಳುತ್ತಾರೆ. ಕೊನೆಗೆ ದೇವರನ್ನೂ ಬಿಡುವುದಿಲ್ಲ. ಆ ದಿನ ಅರ್ಧಕ್ಕೆ ನುಂಗಿದ ಪದಕ್ಕೆ ಕೆಲಸವೇ ಇಲ್ಲ. ಬೈಸಿಕೊಂಡವರೂ ನಗುತ್ತಾ ಜೇಬಿಗೆ ಕೈ ಹಾಕುತ್ತಾರೆ.

ಪದ ಮೆತ್ತಗಾಗುವುದರಲ್ಲಿ ಸದ್ದಿನ ಪಾಲೂ ಇದೆ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇಯ ಶಿರಿ ಲೆವ್-ಆರಿ ಮತ್ತು ರೈಯನ್ ಮೆಕೇ 2022ರಲ್ಲಿ ಹಲವು ಭಾಷೆಗಳ ಬೈಗುಳ ಕಲೆಹಾಕಿದರು. ಲ, ರ, ಯ, ವ ಥರದ, ಉಸಿರನ್ನು ತಡೆಯದೆ ಹರಿಯಬಿಡುವ ಸದ್ದುಗಳು ಅವುಗಳಲ್ಲಿ ಕಡಿಮೆ. ಇಂಗ್ಲಿಷಿನ ಮೆತ್ತನೆ ರೂಪಗಳಲ್ಲಿ ಅವೇ ಜಾಸ್ತಿ. ‘ಡ್ಯಾಮ್’ನಲ್ಲಿ ಇಲ್ಲದ ರಕಾರ ‘ಡಾರ್ನ್’ನಲ್ಲಿ ಸೇರಿಕೊಂಡಿದೆ ನೋಡಿ. ‘ಲೇ’, ‘ಲೋ’ ಅಂತಲೇ ಜಗಳ ಶುರುಮಾಡುವ ನಾವು ಇದನ್ನು ಅಷ್ಟು ಸುಲಭಕ್ಕೆ ಒಪ್ಪಲಾರೆವು, ಅಲ್ವಾ?

ಮೈ ಏನು ಹೇಳುತ್ತದೆ ಎಂಬುದು ನನಗೆ ಇದಕ್ಕಿಂತ ಕುತೂಹಲದ ವಿಷಯ. 2011ರಲ್ಲಿ ಬ್ರಿಸ್ಟಲ್‌ನ ಜೆಫ್ರಿ ಬವರ್ಸ್ ಮತ್ತು ಕ್ರಿಸ್ಟೋಫರ್ ಪ್ಲೇಡೆಲ್-ಪಿಯರ್ಸ್ ಜನರಿಂದ ಬೈಗುಳವನ್ನೂ ಅದರ ಮುಸುಕು ರೂಪವನ್ನೂ ಜೋರಾಗಿ ಹೇಳಿಸಿ, ಚರ್ಮದ ಬೆವರಿನಲ್ಲಾಗುವ ಬದಲಾವಣೆ ಅಳೆದರು. ಸೂಚಿಸುವುದು ಒಂದನ್ನೇ ಆದರೂ ಮೂಲ ಬೈಗುಳಕ್ಕೇ ಮೈ ಹೆಚ್ಚು ಬೆಚ್ಚಿತು. ಚಿಕ್ಕಂದಿನಲ್ಲಿ ಆ ಸದ್ದಿಗೇ ಗದರಿಕೆ ತಿಂದಿರುತ್ತೇವಲ್ಲ, ಅಳುಕು ಅರ್ಥಕ್ಕಿಂತ ಸದ್ದಿಗೇ ಅಂಟಿಕೊಂಡಿರುತ್ತದೆ ಎಂಬುದು ಅವರ ವಿವರಣೆ.

ಇದು ನಮಗೆ ಚೆನ್ನಾಗಿ ಹೊಂದುತ್ತದೆ. ಇಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಸಂತೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಅಜ್ಜಿ ಎದುರು ಇಂಗ್ಲಿಷಿನಲ್ಲಿ ಎಂಥ ಕೆಟ್ಟ ಪದ ಬಂದರೂ ನಡೆಯುತ್ತದೆ. ಅದನ್ನೇ ಮನೆಮಾತಿನಲ್ಲಿ ಅಂದರೆ ಕಿವಿ ಕೆಂಪಾಗುತ್ತದೆ. ಟರ್ಕಿ ಭಾಷೆ ಮಾತಾಡುತ್ತಾ ಬೆಳೆದು ಆಮೇಲೆ ಇಂಗ್ಲಿಷ್ ಕಲಿತವರ ಮೇಲಿನ 2003ರ ಅಧ್ಯಯನವೂ ಇದನ್ನೇ ತೋರಿಸಿತು. ಬಾಲ್ಯದ ಗದರಿಕೆಯ ಮಾತುಗಳನ್ನು ಟರ್ಕಿ ಭಾಷೆಯಲ್ಲಿ ಕೇಳಿದಾಗ ಚರ್ಮ ಜಾಸ್ತಿ ಅಳುಕಿತು. ನಮ್ಮ ಮಟ್ಟಿಗೆ ಇಂಗ್ಲಿಷ್ ಬೈಗುಳವೇ ಒಂದು ಮುಸುಕು.

ಮುಸುಕು ಪದದಿಂದ ಮರ್ಯಾದೆ ಉಳಿಯುತ್ತದೆ. ಆದರೆ ಕಾಫಿ ತೋಟದಲ್ಲಿ ಬೇರು ಎಡವಿ ಹೆಬ್ಬೆರಳು ಕಿತ್ತುಬಂದಾಗ? ಐಸಿನಂಥ ನೀರಿನಲ್ಲಿ ಕೈ ಇಟ್ಟವರು ಬೈಯುತ್ತಿದ್ದರೆ ಜಾಸ್ತಿ ಹೊತ್ತು ತಡೆಯುತ್ತಾರೆ ಎಂದು ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ತಂಡ 2009ರಲ್ಲಿ ತೋರಿಸಿತ್ತು. 2020ರಲ್ಲಿ ಅವರು ‘ಫೌಚ್’, ‘ಟ್ವಿಜ್‌ಪೈಪ್’ ಎಂಬ ಹೊಸ ಪದಗಳನ್ನೇ ಹುಟ್ಟಿಸಿ ನೋಡಿದರು. ಒಂದರ ಸದ್ದು ಬೈಗುಳದಂತೆ, ಇನ್ನೊಂದು ಸುಮ್ನೆ ನಗು ಬರಿಸುವಂಥದ್ದು. ಎರಡೂ ನೋವಿಗೆ ಉಪಯೋಗಕ್ಕೆ ಬರಲಿಲ್ಲ. ಹಳೆಯ, ಅಸಲಿ ಬೈಗುಳ ಮಾತ್ರ ಕೆಲಸ ಮಾಡಿತು.

ಅದಕ್ಕೂ ಒಂದು ಮಿತಿ ಇದೆ. ದಿನವಿಡೀ ಬೈಯುವ ಚಾಳಿ ಇದ್ದವರಿಗೆ ತಣ್ಣೀರಿನಲ್ಲಿ ಬೈಗುಳದಿಂದ ಸಿಗುವ ಲಾಭ ಕಡಿಮೆ ಎಂಬುದು 2011ರಲ್ಲೇ ಅದೇ ಸ್ಟೀಫನ್ಸ್ ಅವರಿಗೆ ಗೊತ್ತಾಗಿತ್ತು.