ಮಂಜಿಗೆ ಬಿಳಿ ಬಣ್ಣ ಬೇಡ

ಮಾಗಿ ಚಳಿ ಶುರುವಾದರೆ ಬೆಳಗ್ಗೆ ಆರೂವರೆಗೆಲ್ಲ ನಾನು ಕುಕ್ಕರಹಳ್ಳಿ ಕೆರೆ ಏರಿ ಮೇಲಿರುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದ ಕೆರೆ ಇದು. ಮೈಸೂರಿನಲ್ಲಿ ಮಂಜಿನ ಚಿತ್ರ ಬರೆಯಲು ನನಗೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕಿಲ್ಲ. ವಾಟರ್ ಕಲರ್ ಕಲಿಯುವ ಮೂರ್ನಾಲ್ಕು ಜನ ಜೊತೆಗಿರುತ್ತಾರೆ. ಮೊದಲ ದಿನ ಎಲ್ಲರೂ ಮಾಡುವ ತಪ್ಪು ಒಂದೇ. ಮಂಜು ಕಂಡ ತಕ್ಷಣ ಬಿಳಿ ಬಣ್ಣದ ಟ್ಯೂಬಿಗೆ ಕೈ ಹಾಕುತ್ತಾರೆ.

"ಮಂಜು ಬೆಳ್ಳಗೇ ಇದೆಯಲ್ವಾ ಸರ್?" ಅಂತ ಹೋದ ವರ್ಷ ಒಬ್ಬ ಹುಡುಗಿ ಕೇಳಿದಳು.

"ಖಾಲಿ ಹಾಳೆ ಎತ್ತಿ ಹಿಡಿದು, ಅದರ ಪಕ್ಕದಲ್ಲಿ ಮಂಜು ನೋಡಮ್ಮ" ಅಂದೆ. ನೋಡಿದಳು. ಮಂಜು ಬೂದಿಯ ಹಾಗಿತ್ತು. ನೀರಿನ ಹತ್ತಿರ ಒಂಚೂರು ನೀಲಿ.

ಮೋಡವಿಲ್ಲದ ಚಳಿ ರಾತ್ರಿಯಲ್ಲಿ ನೆಲದ ಕಾವು ಬೇಗ ಹೊರಟುಹೋಗುತ್ತದೆ, ಗಾಳಿಯೂ ತಣ್ಣಗಾಗುತ್ತದೆ. ಕೆರೆ ನೀರು ಅಷ್ಟು ಬೇಗ ತಣಿಯುವುದಿಲ್ಲ. ಅದರಿಂದ ಏಳುವ ಆವಿ ತಣ್ಣನೆ ಗಾಳಿಗೆ ತಾಗಿ ಸಣ್ಣ ಸಣ್ಣ ಹನಿಯಾಗುತ್ತದೆ. ಈ ಹನಿಗಳು ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚು ಕಡಿಮೆ ಒಂದೇ ಥರ ಚೆದುರಿಸುತ್ತವೆ. ಅದಕ್ಕೇ ಆಚೆ ದಡದ ಮರಗಳ ಹಸಿರು ಮಾಯವಾಗಿ ಬರೀ ಆಕಾರ ಉಳಿಯುತ್ತದೆ.

ಬರೆಯುವಾಗಲೂ ಹಾಗೇ. 300 ಜಿಎಸ್‌ಎಂ ತೂಕದ ದಪ್ಪ ಕಾಟನ್ ಹಾಳೆಯನ್ನು ಪೂರ್ತಿ ಒದ್ದೆ ಮಾಡಿ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬೆರೆಸಿದರೆ ಚೆಂದದ ಬೂದು ಬರುತ್ತದೆ. ಅದನ್ನು ನೀರಾಗಿಸಿ ತೆಳ್ಳಗೆ ಹಚ್ಚಿ. ಆಮೇಲೆ ಕುಂಚ ಕೆಳಗಿಡಿ. ಹಾಳೆಯ ಹೊಳಪು ಹೋಗಬೇಕು, ತೇವ ಮಾತ್ರ ಇರಬೇಕು. ಆಗ ದೂರದ ಮರ ಇಟ್ಟರೆ ಅದರ ಅಂಚು ತಾನೇ ಕರಗುತ್ತದೆ. ಮೊದಲೇ ಇಟ್ಟರೆ ಹರಿದುಹೋಗುತ್ತದೆ, ತಡವಾದರೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಏಪ್ರಿಲ್‌ನಲ್ಲಿ ಈ ಹದ ಬಂದದ್ದೇ ಗೊತ್ತಾಗುವುದಿಲ್ಲ, ಹಾಳೆ ಒಣಗಿಬಿಟ್ಟಿರುತ್ತದೆ. ಮಾಗಿಯ ಒದ್ದೆ ಗಾಳಿಯಲ್ಲಿ ಎಷ್ಟೋ ಹೊತ್ತು ಕಾಯಬೇಕು.

ನನಗೆ ಬೇಕಾದದ್ದು ಆ ಕಾಯುವ ಹೊತ್ತೇ. ಹಗಲೆಲ್ಲ ನಾನು ಮೈಸೂರು ಶೈಲಿಯ ದೇವರ ಚಿತ್ರ ಬರೆಯುತ್ತೇನೆ. ಗೆಸ್ಸೋ ಕೆಲಸ, ಅಂದರೆ ಅಂಟಿನ ಲೇಪದಲ್ಲಿ ಉಬ್ಬು ಮೂಡಿಸುವುದು, ಅದರ ಮೇಲೆ ಚಿನ್ನದ ರೇಕು. ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಆ ಕೆಲಸ ನನಗೆ ಪ್ರಾಣ. ಆದರೆ ಸಂಜೆ ಹೊತ್ತಿಗೆ ಕೈ ಬಿಗಿದಿರುತ್ತದೆ, ಹುಬ್ಬೂ ಬಿಗಿದಿರುತ್ತದೆ, ಮಲಗಿದರೂ ಕಣ್ಣೊಳಗೆ ಗೆರೆಗಳೇ. ಒಂದು ವರ್ಷ ಹೀಗೇ ನಿದ್ದೆ ಕೆಟ್ಟು ನಸುಕಿನಲ್ಲೇ ಎದ್ದು ಸುಮ್ನೆ ಕೆರೆಗೆ ಬಂದಿದ್ದೆ. ಎದುರಿಗೆ ಒಂದು ಗೆರೆಯೂ ಇರಲಿಲ್ಲ. ನೀರು ಎಲ್ಲಿ ಮುಗಿಯಿತು, ದಡ ಎಲ್ಲಿ ಶುರುವಾಯಿತು, ತಿಳಿಯಲಿಲ್ಲ. ಎಷ್ಟೋ ದಿನದ ಮೇಲೆ ಉಸಿರು ಸಲೀಸಾಯಿತು.

ಈಗ ಹಾಳೆ ಹದವಾಗುವವರೆಗೆ ನೀರುಕಾಗೆ ನೋಡುತ್ತಾ ಕೂರುತ್ತೇನೆ. ಮುಳುಗಿ ಎದ್ದು ಒಣಕೊಂಬೆ ಮೇಲೆ ರೆಕ್ಕೆ ಬಿಚ್ಚಿ ನಿಂತಿರುತ್ತದೆ. ಅದೂ ಒಣಗಲು ಕಾಯುತ್ತಿದೆ.

ಕೊನೆಯಲ್ಲಿ ಹತ್ತಿರದ ಒಂದು ಕೊಂಬೆ ಮಾತ್ರ ಗಾಢವಾಗಿ ಬರಲಿ. ಇದು ಯಾಕೆ ಅಂತ ತಿಳಿಯಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ಕಲಾವಿದ ಎಸ್.ಎಲ್. ಹಲ್ದಂಕರರ ದೀಪ ಹಿಡಿದ ಹೆಂಗಸಿನ ಚಿತ್ರ ನೆನಪಿಸಿಕೊಳ್ಳಿ. ಅದು ಎಣ್ಣೆ ಬಣ್ಣ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ, ವಾಟರ್ ಕಲರ್. ಸುತ್ತ ಅಷ್ಟು ಕತ್ತಲಿರುವುದಕ್ಕೇ ಮುಖದ ಮೇಲಿನ ಬೆಳಕು ಅಷ್ಟು ಬೆಚ್ಚಗಿದೆ. ನಮ್ಮ ಕೊಂಬೆ ಮಾಡುವುದೂ ಅದನ್ನೇ. ಅದು ಬಂದಮೇಲೆ ಹಿಂದಿನ ಮಂಜು ದೂರ ಸರಿಯುತ್ತದೆ.

ಬಿಸಿಲು ಏರಿ ಮಂಜು ಹೋದರೆ ಗಂಟು ಕಟ್ಟಿ. ಅರ್ಧಕ್ಕೆ ನಿಂತ ಚಿತ್ರವನ್ನು ಮನೆಯಲ್ಲಿ ಕೂತು ಮುಗಿಸಲು ಹೋಗಬೇಡಿ, ಕೈ ಮತ್ತೆ ಗೆರೆ ಎಳೆಯುತ್ತದೆ. ಮಾರನೆ ದಿನ ಬನ್ನಿ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುವವರೆಗೂ ಬೇಕಾದಷ್ಟು ಬೆಳಗುಗಳಿವೆ.